ಎರಡನೇ ಗೆರೆಯ ಹುಟ್ಟು

1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸು ಬಸುರಿಯೋ ಅಲ್ಲವೋ ಎಂದು ಹೇಳಬೇಕಾದರೆ ಐದು ಇಲಿಗಳು ಸಾಯಬೇಕಿತ್ತು. ಇನ್ನೂ ಬೆದೆಗೆ ಬಾರದ, ಮೂರ್ನಾಲ್ಕು ವಾರದ ಹೆಣ್ಣು ಇಲಿಗಳು. ಆಕೆಯ ಮೂತ್ರವನ್ನು ಅವಕ್ಕೆ ಸ್ವಲ್ಪಸ್ವಲ್ಪವೇ ಹಲವು ಸಲ ಚುಚ್ಚಿ, ಸುಮಾರು ನೂರು ಗಂಟೆ ಕಾದು, ಕೊಂದು, ಹೊಟ್ಟೆ ಸೀಳಿ ಅಂಡಾಶಯವನ್ನು ನೋಡುತ್ತಿದ್ದರು. ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೊಂಡೆಕ್ ಎಂಬ ಇಬ್ಬರು ವೈದ್ಯರು ಕಟ್ಟಿದ ಈ ಪರೀಕ್ಷೆ 'ಎ-ಝಡ್ ಟೆಸ್ಟ್' ಎಂಬ ಹೆಸರಿನಲ್ಲಿ ಜಗತ್ತನ್ನೆಲ್ಲ ಸುತ್ತಿತು.

ಈ ಇಬ್ಬರು ಉತ್ತರವನ್ನು ಹೌದು, ಇಲ್ಲ ಎಂದು ಎರಡಾಗಿ ಒಡೆಯಲಿಲ್ಲ ಎನ್ನುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಇಲಿಯ ಅಂಡಾಶಯದಲ್ಲಿ ಅವರು ಮೂರು ಬಗೆಯ ಬದಲಾವಣೆ ಗುರುತಿಸಿದರು. ಅಂಡಕೋಶಗಳು ಬಲಿತು ಉಬ್ಬಿದ್ದರೆ ಒಂದನೆಯದು. ಅದರಲ್ಲಿ ರಕ್ತದ ಚುಕ್ಕೆ ಕಂಡರೆ ಎರಡನೆಯದು. ಹಳದಿ ಗಂಟುಗಳು ಮೂಡಿದ್ದರೆ ಮೂರನೆಯದು. ಎರಡು, ಮೂರು ಕಂಡರೆ ಬಸಿರು ಖಚಿತ. ಒಂದನೆಯದು ಮಾತ್ರ ಕಂಡರೆ ಏನೂ ಹೇಳುವಂತಿಲ್ಲ. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲೂ, ಕೆಲವು ಗೆಡ್ಡೆಗಳಿದ್ದವರಲ್ಲೂ ಅದು ಬರುತ್ತಿತ್ತು. ಇಂದು ಸ್ನಾನದ ಮನೆಯ ಬೆಳಕಿಗೆ ಸ್ಟ್ರಿಪ್ ಹಿಡಿದು "ಲೈಟಾಗಿ ಬಂದಿದೆ, ಇದನ್ನು ಲೆಕ್ಕಕ್ಕೆ ತಗೋಬೇಕಾ?" ಎಂದು ಕೇಳುವವರ ಪ್ರಶ್ನೆ, ಪರೀಕ್ಷೆ ಹುಟ್ಟಿದ ದಿನವೇ ಅದರ ಜೊತೆಗೆ ಹುಟ್ಟಿದ್ದು.

ಆಮೇಲಿನ ಸುಮಾರು ನೂರು ವರ್ಷಗಳ ಕತೆಯೂ ಹೀಗೆಯೇ ಸಾಗಿದೆ. ಪ್ರತಿ ತಲೆಮಾರಿನ ಪರೀಕ್ಷೆಗೂ ಒಂದು ಅರೆಬರೆ ಉತ್ತರವಿತ್ತು. ಅದರ ಬೆನ್ನು ಹತ್ತಿದವರು ಮುಂದಿನದನ್ನು ಕಂಡುಹಿಡಿದರು. ಅನುಮಾನ ಮಾತ್ರ ಮುಗಿಯಲಿಲ್ಲ, ಬಸಿರಿನ ಇನ್ನೂ ಮೊದಲಿನ ದಿನಗಳಿಗೆ ಸರಿಯಿತು.

ಬರ್ಲಿನ್ನಿಗೆ ಮುಂಚೆ ಏನೂ ಇರಲಿಲ್ಲವೆಂದಲ್ಲ. ಮೂರು ಸಾವಿರ ವರ್ಷಕ್ಕೂ ಹಳೆಯ ಈಜಿಪ್ಟಿನ ಒಂದು ಪಪೈರಸ್ಸಿನಲ್ಲಿ, ಗೋಧಿ ಮತ್ತು ಬಾರ್ಲಿ ಕಾಳಿನ ಮೇಲೆ ದಿನವೂ ಮೂತ್ರ ಹುಯ್ಯಬೇಕು, ಮೊಳೆತರೆ ಬಸುರಿ, ಇಲ್ಲದಿದ್ದರೆ ಅಲ್ಲ ಎಂಬ ವಿಧಾನ ಇದೆ. ಆ ಪಪೈರಸ್ ಈಗ ಇರುವುದೂ ಬರ್ಲಿನ್ನಿನಲ್ಲೇ. 1963ರಲ್ಲಿ ಈಜಿಪ್ಟಿನ ಸಂಶೋಧಕರು ಇದನ್ನು ನಿಜವಾಗಿಯೂ ಮಾಡಿ ನೋಡಿದರು. ಬಸುರಿಯರ ಮೂತ್ರ ಬಿದ್ದ ಕಾಳು ನೂರಕ್ಕೆ ಎಪ್ಪತ್ತರಷ್ಟು ಸಲ ಮೊಳೆಯಿತು. ಗಂಡಸರ, ಬಸುರಿಯಲ್ಲದವರ ಮೂತ್ರದಲ್ಲಿ ಮೊಳೆಯಲಿಲ್ಲ. ಗೋಧಿ ಮೊದಲು ಬಂದರೆ ಇಂಥ ಮಗು, ಬಾರ್ಲಿ ಮೊದಲು ಬಂದರೆ ಅಂಥ ಮಗು ಎಂಬ ಭಾಗ ಮಾತ್ರ ಬರೀ ಸುಳ್ಳಾಯಿತು.

ಆಶ್‌ಹೈಮ್ ಮತ್ತು ಝೊಂಡೆಕ್ ಯಹೂದಿಗಳು. 1933ರಲ್ಲಿ ಹಿಟ್ಲರ್ ಬಂದ ಮೇಲೆ ಇಬ್ಬರೂ ಕೆಲಸ ಕಳೆದುಕೊಂಡು ಊರು ಬಿಟ್ಟರು. ಒಬ್ಬರು ಪ್ಯಾರಿಸ್ಸಿಗೆ ಹೋದರು, ಇನ್ನೊಬ್ಬರು ಸ್ವೀಡನ್ ಹಾದು ಜೆರುಸಲೇಮಿಗೆ. ಮೂತ್ರದಲ್ಲಿ ಸಿಗುವ ಆ ಹಾರ್ಮೋನು ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆಂದು ಅವರು ನಂಬಿದ್ದರು. ಅದು ತಪ್ಪೆಂದು 1930ರ ದಶಕದಲ್ಲೇ ತೋರಿಸಿದವರಲ್ಲಿ ಜಾನ್ಸ್ ಹಾಪ್ಕಿನ್ಸಿನ ಜಾರ್ಜಿಯಾನಾ ಸೀಗರ್ ಎಂಬ ಯುವತಿ ಒಬ್ಬರು. ಹಾರ್ಮೋನು ಬರುವುದು ಮಾಸುವಿನಿಂದ, ಎಂದರೆ ಬಸಿರಿನ ಒಳಗಿನಿಂದಲೇ. ಇದೇ ಎಚ್‌ಸಿಜಿ. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡ ಮೇಲೆಯೇ ಇದು ತಾಯಿಯ ರಕ್ತಕ್ಕೆ ಇಳಿಯುತ್ತದೆ. ಇದೊಂದು ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇಲಿಯ ನಂತರ ಮೊಲ ಬಂತು. 1931ರಲ್ಲಿ ಅಮೆರಿಕದ ಮಾರಿಸ್ ಫ್ರೀಡ್ಮನ್ ಮೊಲದಲ್ಲಿ ಉತ್ತರ ಬೇಗ ಸಿಗುತ್ತದೆಂದು ತೋರಿಸಿದರು. 'ಮೊಲ ಸತ್ತರೆ ಬಸಿರು' ಎಂಬ ಮಾತು ಅಲ್ಲಿ ಚಾಲ್ತಿಗೆ ಬಂದು ಸಿನಿಮಾ, ಹಾಡುಗಳವರೆಗೂ ಹೋಯಿತು. ವಾಸ್ತವದಲ್ಲಿ ಉತ್ತರ ಏನೇ ಇರಲಿ, ಮೊಲವನ್ನು ಕೊಯ್ದು ನೋಡಲೇಬೇಕಿತ್ತು. ಮೊಲದ ನಂತರ ಕಪ್ಪೆ. ಕೇಪ್‌ಟೌನಿನಲ್ಲಿ ಲ್ಯಾನ್ಸ್‌ಲಾಟ್ ಹಾಗ್ಬೆನ್ ಎಂಬ ಪ್ರಾಣಿಶಾಸ್ತ್ರಜ್ಞ, ಝೆನೊಪಸ್ ಎಂಬ ಅಲ್ಲಿನ ಕಪ್ಪೆಗೆ ಪಿಟ್ಯುಟರಿಯ ಸಾರ ಚುಚ್ಚಿದಾಗ ಅದು ಮೊಟ್ಟೆ ಇಡುವುದನ್ನು ಗಮನಿಸಿದ. ಅದೇ ಊರಿನ ಶಪೀರೋ ಮತ್ತು ಝ್ವಾರೆನ್‌ಸ್ಟೈನ್ 1933ರ ಹೊತ್ತಿಗೆ ಅದನ್ನು ಬಸುರಿಯರ ಮೂತ್ರಕ್ಕೆ ಹೊಂದಿಸಿದರು. ಸಂಜೆ ಚುಚ್ಚಿದರೆ ಬೆಳಗಾಗುವುದರೊಳಗೆ ತೊಟ್ಟಿಯ ತಳದಲ್ಲಿ ಮೊಟ್ಟೆ. ಕಪ್ಪೆಯನ್ನು ಕೊಲ್ಲಬೇಕಿಲ್ಲ, ಕೆಲವು ವಾರ ಬಿಟ್ಟು ಮತ್ತೆ ಬಳಸಬಹುದು. ಇದನ್ನು ಯಾರು ಮೊದಲು ಕಂಡರು ಎಂಬ ಜಗಳ ಪತ್ರಿಕೆಗಳ ಪುಟಗಳಲ್ಲಿ ನಡೆದದ್ದು ಬೇರೆ ಮಾತು. 1947ರಲ್ಲಿ ಅರ್ಜೆಂಟೀನಾದ ಕಾರ್ಲೋಸ್ ಗಾಲಿ ಮೈನಿನಿ ಗಂಡು ನೆಲಗಪ್ಪೆಯಿಂದಲೂ ಆಗುತ್ತದೆ, ಮೂರ್ನಾಲ್ಕು ಗಂಟೆ ಸಾಕು ಎಂದ. ಆಫ್ರಿಕಾದಿಂದ ಕಪ್ಪೆ ತರಿಸಲು ದುಡ್ಡಿಲ್ಲದ ದೇಶಗಳಿಗೆ ಇದು ವರವಾಯಿತು. ಮಳೆ ಬಿದ್ದೊಡನೆ ನಮ್ಮ ಅಂಗಳಕ್ಕೆ ಬಂದು ಕೂರುವ ಮೈಗಂಟಿನ ನೆಲಗಪ್ಪೆಯೂ ಭಾರತದ ಪ್ರಯೋಗಾಲಯಗಳಲ್ಲಿ ಈ ಕೆಲಸ ಮಾಡಿದೆ.

ಪ್ರಾಣಿಗಳನ್ನು ಈ ಕೆಲಸದಿಂದ ಬಿಡಿಸಿದವರು ಸ್ವೀಡನ್ನಿನ ಲೈಫ್ ವೀಡೆ ಮತ್ತು ಕಾರ್ಲ್ ಯೆಮ್ಸೆಲ್. ಅವರು 1960ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕುರಿಯ ರಕ್ತಕಣಗಳಿಗೆ ಎಚ್‌ಸಿಜಿ ಲೇಪಿಸಿ ಇಡುತ್ತಾರೆ. ಎಚ್‌ಸಿಜಿಯನ್ನು ಹಿಡಿಯುವ ಪ್ರತಿಕಾಯವನ್ನೂ ಹೆಂಗಸಿನ ಮೂತ್ರವನ್ನೂ ಬೆರೆಸುತ್ತಾರೆ. ಮೂತ್ರದಲ್ಲೇ ಹಾರ್ಮೋನು ಇದ್ದರೆ ಪ್ರತಿಕಾಯವೆಲ್ಲ ಅದನ್ನು ಹಿಡಿದು ಮುಗಿದುಹೋಗುತ್ತದೆ. ಆಗ ರಕ್ತಕಣಗಳು ಒಂದಕ್ಕೊಂದು ಅಂಟದೆ ಪ್ರನಾಳದ ದುಂಡು ತಳಕ್ಕೆ ಜಾರಿ ಕಂದು ಬಣ್ಣದ ಉಂಗುರವಾಗಿ ನಿಲ್ಲುತ್ತವೆ. ಹಾರ್ಮೋನು ಇಲ್ಲದಿದ್ದರೆ ಕಣಗಳು ಅಂಟಿಕೊಂಡು ತಳದಲ್ಲೆಲ್ಲ ಹರಡಿಕೊಳ್ಳುತ್ತವೆ. ಉಂಗುರ ಮೂಡಿದರೆ ಬಸಿರು. ಎರಡು ಗಂಟೆ ಪ್ರನಾಳ ಅಲುಗಬಾರದು.

ನೆದರ್‌ಲೆಂಡಿನ ಆರ್ಗನಾನ್ ಕಂಪನಿ ಇದನ್ನು ವೈದ್ಯರಿಗೆ, ಲ್ಯಾಬುಗಳಿಗೆ ಮಾರತೊಡಗಿತು. 1967ರಲ್ಲಿ ಆ ಕಂಪನಿಯ ನ್ಯೂಜೆರ್ಸಿ ಕಚೇರಿಗೆ ಮಾರ್ಗರೆಟ್ ಕ್ರೇನ್ ಎಂಬ ಇಪ್ಪತ್ತಾರರ ತರುಣಿ ಕೆಲಸಕ್ಕೆ ಸೇರಿದಳು. ಗ್ರಾಫಿಕ್ ಡಿಸೈನರ್. ಸೌಂದರ್ಯವರ್ಧಕಗಳ ಪೊಟ್ಟಣ ವಿನ್ಯಾಸ ಮಾಡುವುದು ಅವಳ ಕೆಲಸ. ಒಂದು ದಿನ ಲ್ಯಾಬಿನೊಳಗೆ ಹೋದಾಗ ಕನ್ನಡಿಯ ಮೇಲೆ ಸಾಲಾಗಿ ತೂಗುಬಿಟ್ಟ ಪ್ರನಾಳಗಳು ಕಂಡವು. ತಳದ ಉಂಗುರ ಕನ್ನಡಿಯಲ್ಲಿ ಕಾಣುತ್ತಿತ್ತು. ಇದೇನೆಂದು ಕೇಳಿದಳು. ಡಾಕ್ಟರುಗಳು ಕಳಿಸಿದ ಬಸಿರು ಪರೀಕ್ಷೆಗಳು ಎಂದು ಹೇಳಿದರು.

ಉಂಗುರ ನೋಡುವುದಕ್ಕೆ ಡಾಕ್ಟರೇ ಬೇಕೆ? ಕ್ರೇನ್‌ಗೆ ಹೊಳೆದದ್ದು ಇಷ್ಟೇ. ಅಂದಿನ ಅಮೆರಿಕದಲ್ಲಿ ಹೆಂಗಸು ವೈದ್ಯರ ಬಳಿ ಹೋಗಿ, ಮೂತ್ರ ಕೊಟ್ಟು, ಫಲಿತಾಂಶಕ್ಕೆ ಒಂದೆರಡು ವಾರ ಕಾಯಬೇಕಿತ್ತು. ಆಕೆಯ ದೇಹದ ಸುದ್ದಿ ಆಕೆಗಿಂತ ಮೊದಲು ನಾಲ್ಕು ಜನಕ್ಕೆ ಗೊತ್ತಾಗುತ್ತಿತ್ತು. ಕ್ರೇನ್ ಮನೆಗೆ ಹೋಗಿ ತನ್ನ ಮೇಜಿನ ಮೇಲಿದ್ದ ಪೇಪರ್ ಕ್ಲಿಪ್ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಕೂತಳು. ಅದರೊಳಗೆ ಒಂದು ಪ್ರನಾಳ, ಒಂದು ಡ್ರಾಪರ್, ತಳದಲ್ಲಿ ಓರೆಯಾಗಿ ಒಂದು ಪುಟ್ಟ ಕನ್ನಡಿ. ಅಷ್ಟೇ.

ಮೇಲಿನವರು ಬೇಡವೆಂದರು. ವೈದ್ಯರು ನಮ್ಮ ಗಿರಾಕಿಗಳು, ಅವರ ವ್ಯಾಪಾರವನ್ನೇ ಕಿತ್ತುಕೊಂಡರೆ ಹೇಗೆ ಎಂಬ ತರ್ಕ ಒಂದು ಕಡೆ. ಯಾರೋ ಸೆನೆಟರ್‌ನ ಮದುವೆಯಾಗದ ಮಗಳು ಉಂಗುರ ನೋಡಿ ಸೇತುವೆಯಿಂದ ಹಾರಿಕೊಂಡರೆ ಕಂಪನಿಯ ಗತಿಯೇನು ಎಂದೂ ಕೇಳಿದರಂತೆ. ವಿಷಯ ನೆದರ್‌ಲೆಂಡಿನ ಮುಖ್ಯ ಕಚೇರಿ ತಲುಪಿದಾಗ ಅಲ್ಲಿನವರಿಗೆ ಇಷ್ಟವಾಯಿತು. ಆದರೆ ವಿನ್ಯಾಸ ಮಾಡಲು ಬೇರೆ ಗಂಡಸರನ್ನು ಕರೆಸಿದರು. ಅವರ ಮಾದರಿಗಳಲ್ಲಿ ಹೂವು, ಕುಚ್ಚು, ಹೊಳೆಯುವ ಹರಳು ಎಲ್ಲವೂ ಇದ್ದವು, ಹೆಂಗಸರ ವಸ್ತುವಲ್ಲವೆ! ಸಭೆ ನಡೆಯುತ್ತಿದ್ದ ಕೋಣೆಗೆ ಕ್ರೇನ್ ತಾನಾಗಿಯೇ ಹೋಗಿ ಸಾಲಿನ ಕೊನೆಯಲ್ಲಿ ತನ್ನ ಡಬ್ಬಿ ಇಟ್ಟಳು. ಜಾಹೀರಾತಿನ ಹೊಣೆ ಹೊತ್ತು ಬಂದಿದ್ದ ಐರಾ ಸ್ಟರ್ಟವೆಂಟ್ ನೇರ ಅದನ್ನೇ ಎತ್ತಿಕೊಂಡ. ಅವರಿಬ್ಬರೂ ಆಮೇಲೆ ಅವನು 2008ರಲ್ಲಿ ಸಾಯುವವರೆಗೂ ಜೊತೆಯಾಗಿ ಬಾಳಿದರು. ಪೇಟೆಂಟ್ ಕ್ರೇನ್ ಹೆಸರಿನಲ್ಲಿ ಬಂತು. ಒಂದು ಡಾಲರಿಗೆ ಅದನ್ನು ಕಂಪನಿಗೆ ಬರೆದುಕೊಟ್ಟಳು. ಆ ಡಾಲರೂ ತನ್ನ ಕೈಗೆ ಬರಲಿಲ್ಲ ಎಂದು ಮುಪ್ಪಿನಲ್ಲಿ ನಗುತ್ತಾ ಹೇಳುತ್ತಿದ್ದಳು. ಅವಳ ಮೂಲ ಡಬ್ಬಿ 2015ರಲ್ಲಿ ಹರಾಜಿಗೆ ಬಂದಾಗ ಸ್ಮಿತ್ಸೋನಿಯನ್ ಸಂಗ್ರಹಾಲಯ ಅದನ್ನು 11,875 ಡಾಲರಿಗೆ ಕೊಂಡಿತು.

'ಪ್ರೆಡಿಕ್ಟರ್' ಎಂಬ ಹೆಸರಿನಲ್ಲಿ ಅದು 1971ರಲ್ಲಿ ಕೆನಡಾದ ಅಂಗಡಿಗಳಿಗೆ ಬಂತು. ಅಮೆರಿಕದ ಸರ್ಕಾರ ಒಪ್ಪಿದ್ದು 1976ರಲ್ಲಿ. ಅಲ್ಲಿನ ಮೊದಲ ಮನೆ ಪರೀಕ್ಷೆಗಳಲ್ಲಿ 'ಹೌದು' ಎಂದರೆ ನೂರಕ್ಕೆ 97 ಸಲ ನಿಜ. 'ಇಲ್ಲ' ಎಂದರೆ ಬರೀ 80. ಎಂದರೆ ಇಲ್ಲವೆಂಬ ಉತ್ತರ ಪಡೆದ ಐವರಲ್ಲಿ ಒಬ್ಬಳು ಬಸುರಿ. ಒಂದು ವಾರ ಬಿಟ್ಟು ಮತ್ತೆ ಮಾಡಿ ಎಂದು ಕಂಪನಿಯೇ ಹೇಳುತ್ತಿತ್ತು.

ಈ ಐದರಲ್ಲೊಂದು ತಪ್ಪಿಗೆ ಕಾರಣ ಹುಡುಕಿದರೆ ಕತೆಯ ನಿಜವಾದ ಗಂಟು ಸಿಗುತ್ತದೆ. ನಮ್ಮ ಮೈಯಲ್ಲಿ ಎಚ್‌ಸಿಜಿಯನ್ನು ಹೋಲುವ ಇನ್ನೂ ಮೂರು ಹಾರ್ಮೋನುಗಳಿವೆ. ಅವುಗಳಲ್ಲಿ ಎಲ್‌ಎಚ್ ಎಂಬುದು ಪ್ರತಿ ತಿಂಗಳು ಅಂಡ ಬಿಡುಗಡೆಯಾಗುವಾಗ ಏರುತ್ತದೆ, ಮುಟ್ಟು ಪೂರ್ತಿ ನಿಂತ ಮೇಲೆ ಸದಾ ಮೇಲೆಯೇ ಇರುತ್ತದೆ. ನಾಲ್ಕಕ್ಕೂ ಎರಡೆರಡು ತುಂಡುಗಳು, ಆಲ್ಫಾ ಮತ್ತು ಬೀಟಾ. ಒಂದೇ ಮನೆಯ ನಾಲ್ವರು ಹುಡುಗಿಯರು ಒಂದೇ ಥಾನಿನ ಬಟ್ಟೆಯಲ್ಲಿ ಲಂಗ ಹೊಲಿಸಿಕೊಂಡು ರವಿಕೆಯನ್ನು ಮಾತ್ರ ಬೇರೆ ಬೇರೆ ತೊಟ್ಟಂತೆ, ಆಲ್ಫಾ ನಾಲ್ಕರಲ್ಲೂ ಒಂದೇ, ಬೀಟಾ ಬೇರೆ. ಎಚ್‌ಸಿಜಿ ಮತ್ತು ಎಲ್‌ಎಚ್‌ಗಳ ಬೀಟಾ ಸಹ ಬಹುಪಾಲು ಒಂದೇ. ಎಚ್‌ಸಿಜಿಯದು 145 ಅಮೈನೋ ಆಮ್ಲಗಳ ಸರ, ಎಲ್‌ಎಚ್‌ನದು 121. ಬಾಲದ ಆ ಹೆಚ್ಚಿನ ಉದ್ದ ಎಚ್‌ಸಿಜಿಗೆ ಮಾತ್ರ ಇದೆ. ಹಳೆಯ ಪ್ರತಿಕಾಯಗಳಿಗೆ ಇವರಿಬ್ಬರಲ್ಲಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಪರೀಕ್ಷೆಯನ್ನು ಚುರುಕು ಮಾಡಿದರೆ ಎಲ್‌ಎಚ್ ನೋಡಿ 'ಬಸುರಿ' ಎಂದುಬಿಡುತ್ತಿತ್ತು. ಆದ್ದರಿಂದ ಬೇಕೆಂದೇ ಅದನ್ನು ಮಂದವಾಗಿ ಇಟ್ಟಿದ್ದರು. ಮೊದಲ ವಾರಗಳ ಬಸಿರು ತಪ್ಪಿಹೋಗುತ್ತಿದ್ದುದು ಹೀಗೆ.

ಗಂಟು ಬಿಚ್ಚಿದವರು ಬಸುರಿಯರ ಬಗ್ಗೆ ಯೋಚಿಸುತ್ತಿರಲಿಲ್ಲ, ಕ್ಯಾನ್ಸರಿನ ಬಗ್ಗೆ ಯೋಚಿಸುತ್ತಿದ್ದರು. ಮಾಸುವಿನ ಜೀವಕೋಶಗಳಿಂದಲೇ ಹುಟ್ಟುವ ಕೋರಿಯೋಕಾರ್ಸಿನೋಮಾ ಎಂಬ ಕ್ಯಾನ್ಸರ್ ಇದೆ. ಅದೂ ಎಚ್‌ಸಿಜಿ ಸುರಿಸುತ್ತದೆ. 1956ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಜ್ ಇದಕ್ಕೆ ಮೆಥೊಟ್ರೆಕ್ಸೇಟ್ ಔಷಧ ಕೊಟ್ಟು ಗುಣಪಡಿಸಿದರು. ಎಕ್ಸ್‌ರೇಯಲ್ಲಿ ಗೆಡ್ಡೆ ಮಾಯವಾದ ಮೇಲೂ ಮೂತ್ರದಲ್ಲಿ ಒಂದಿಷ್ಟು ಹಾರ್ಮೋನು ಉಳಿದಿತ್ತು. ಲಿ ಆ ಅಂಕಿ ಸೊನ್ನೆಗೆ ಇಳಿಯುವವರೆಗೂ ಔಷಧ ನಿಲ್ಲಿಸಲಿಲ್ಲ. ಕಾಯಿಲೆ ಇಲ್ಲದವರಿಗೆ ವಿಷ ಕೊಡುತ್ತಿದ್ದಾನೆ ಎಂದು ಸಂಸ್ಥೆ ಅವನನ್ನು ಕೆಲಸದಿಂದ ತೆಗೆಯಿತು. ಔಷಧ ಬೇಗ ನಿಲ್ಲಿಸಿದವರಲ್ಲಿ ಕ್ಯಾನ್ಸರ್ ಮರಳಿತು, ಲಿ ನೋಡಿಕೊಂಡವರಲ್ಲಿ ಮರಳಲಿಲ್ಲ. 1972ರಲ್ಲಿ ಅವನಿಗೆ ಲಾಸ್ಕರ್ ಪ್ರಶಸ್ತಿ ಬಂತು.

ಉಳಿದ ಆ ಚೂರು ನಿಜವಾಗಿ ಎಚ್‌ಸಿಜಿಯೋ ಅಥವಾ ಬರೀ ಎಲ್‌ಎಚ್ಚೋ ಎಂದು ತಿಳಿಯುವುದು ಸಾವು-ಬದುಕಿನ ಪ್ರಶ್ನೆ. ಅದೇ ಸಂಸ್ಥೆಯ ಗ್ರಿಫ್ ರಾಸ್, ಜುಡಿತ್ ವೈಟುಕೈಟಿಸ್, ಗ್ಲೆನ್ ಬ್ರಾನ್‌ಸ್ಟೈನ್ ಇದಕ್ಕೆ ಕೈಹಾಕಿದರು. ಹಾರ್ಮೋನಿನ ಎರಡು ತುಂಡುಗಳನ್ನು ಬೇರ್ಪಡಿಸುವುದು ಮೊದಲೇ ಸಾಧ್ಯವಾಗಿತ್ತು. 1970ರಲ್ಲಿ ಅದನ್ನು ಮಾಡಿ ತೋರಿಸಿದ್ದು ಬಫಲೋ ನಗರದ ವಿಶ್ವವಿದ್ಯಾಲಯದ ಓಂ ಪಿ. ಬಹ್ಲ್ ಮತ್ತು ಎನ್. ಸ್ವಾಮಿನಾಥನ್. ಈ ಕತೆಯನ್ನು ಇಂಗ್ಲಿಷಿನಲ್ಲಿ ಹೇಳುವವರು ಕ್ರೇನ್ ಹೆಸರನ್ನು ಈಗೀಗ ನೆನೆಯುತ್ತಾರೆ, ಈ ಇಬ್ಬರನ್ನು ನೆನೆಯುವವರು ಕಡಿಮೆ. ವೈಟುಕೈಟಿಸ್ ತಂಡ ಇಡೀ ಹಾರ್ಮೋನನ್ನು ಬಿಟ್ಟು ಬೀಟಾ ತುಂಡನ್ನು ಮಾತ್ರ ಮೊಲಗಳಿಗೆ ಚುಚ್ಚಿತು. ಸಿಕ್ಕ ಪ್ರತಿಕಾಯಗಳಲ್ಲಿ ಒಂದು, 'ಎಸ್‌ಬಿ6' ಎಂಬುದು, ಎಚ್‌ಸಿಜಿಯನ್ನು ಹಿಡಿದು ಎಲ್‌ಎಚ್ಚನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟಿತು. 1972ರಲ್ಲಿ ಪ್ರಬಂಧ ಹೊರಬಂತು. ಕೇಳಿದ ಸಂಶೋಧಕರಿಗೆಲ್ಲ ಆ ಪ್ರತಿಕಾಯವನ್ನು ಹಂಚಿದರು.

ದೆಹಲಿಯಲ್ಲಿ ಜಿ.ಪಿ. ತಲ್ವಾರ್ ಇದೇ ಬೀಟಾ ತುಂಡನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿದರು. ಅದನ್ನು ಧನುರ್ವಾಯು ಲಸಿಕೆಯ ಅಂಶಕ್ಕೆ ಜೋಡಿಸಿ ಹೆಂಗಸರಿಗೆ ಚುಚ್ಚಿದರೆ, ದೇಹವೇ ಎಚ್‌ಸಿಜಿಯನ್ನು ಹಿಡಿಯುವ ಪ್ರತಿಕಾಯ ಮಾಡಿಕೊಂಡು ಬಸಿರು ನಿಲ್ಲದಂತೆ ತಡೆಯುತ್ತದೆ ಎಂಬ ಯೋಚನೆ. 1976ರಲ್ಲಿ ಅವರ ಮೊದಲ ವರದಿ ಪ್ರಕಟವಾಯಿತು. ಬಸಿರು ತಡೆಯುವ ಲಸಿಕೆ ಕೆಲಸ ಮಾಡುತ್ತದೆಂದು ಮನುಷ್ಯರಲ್ಲಿ ತೋರಿಸಿಕೊಟ್ಟ ಆ ಸರಣಿ ತನ್ನಷ್ಟಕ್ಕೆ ಇನ್ನೊಂದು ಲೇಖನಕ್ಕಾಗುವ ಕತೆ.

ಆಮೇಲೆ ಕೆಲಸ ಬೇಗಬೇಗ ಸಾಗಿತು. 1975ರಲ್ಲಿ ಕೇಂಬ್ರಿಡ್ಜಿನ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ತಯಾರಿಸುವ ದಾರಿ ಕಂಡರು. ಮೊಲ ಬದಲಾದಂತೆ ಗುಣ ಬದಲಾಗುವ ತಲೆನೋವು ಹೋಯಿತು. ಬ್ರಿಟನ್ನಿನ ಯುನಿಲಿವರ್ ಬಳಗದ ಯುನಿಪಾತ್ 1985ರಲ್ಲಿ ಕ್ಲಿಯರ್‌ಬ್ಲೂ ಎಂಬ ಕಿಟ್ ತಂದಿತು. ಅದರಲ್ಲಿ ಇನ್ನೂ ಹಲವು ಹಂತಗಳಿದ್ದವು. 1988ರಲ್ಲಿ ಅದನ್ನೇ ಒಂದೇ ಹಂತದ ಪಟ್ಟಿಯಾಗಿ ಇಳಿಸಿತು. ಉಂಗುರ ಹೋಗಿ ಗೆರೆ ಬಂತು.

ಇಂದು ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುವ ಕಿಟ್ಟಾಗಲಿ, ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಸರ್ಕಾರದ 'ನಿಶ್ಚಯ್' ಕಿಟ್ಟಾಗಲಿ ಇದೇ ವಂಶದ್ದು. ಕಿಟ್ಟಿನ ಪುಟ್ಟ ಗುಳಿಯಲ್ಲಿ ಮೂರು ಹನಿ ಬಿಟ್ಟರೆ ಮೂತ್ರ ಬಿಳಿ ಪಟ್ಟಿಯ ಮೇಲೆ ನಿಧಾನ ಏರುತ್ತದೆ. ದಾರಿಯಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಹೊತ್ತ ಪ್ರತಿಕಾಯ ಕಾದಿರುತ್ತದೆ. ಕಿಟ್ಟಿನ ಕೆಂಪು ಬಣ್ಣ ಈ ಚಿನ್ನದ್ದೇ. ಎಚ್‌ಸಿಜಿ ಇದ್ದರೆ ಅದನ್ನು ಹಿಡಿದುಕೊಂಡೇ ಪ್ರತಿಕಾಯ ಮುಂದೆ ಹರಿಯುತ್ತದೆ. 'ಟಿ' ಎಂದು ಬರೆದ ಜಾಗದಲ್ಲಿ ಪಟ್ಟಿಗೆ ಅಂಟಿಸಿದ ಇನ್ನೊಂದು ಪ್ರತಿಕಾಯ ಅದೇ ಎಚ್‌ಸಿಜಿಯ ಮತ್ತೊಂದು ತುದಿಯನ್ನು ಹಿಡಿದು ನಿಲ್ಲಿಸುತ್ತದೆ. ಚಿನ್ನ ಅಲ್ಲಿ ರಾಶಿ ಬಿದ್ದು ಗೆರೆಯಾಗುತ್ತದೆ. ಮಿಕ್ಕಿದ್ದು 'ಸಿ' ಬಳಿ ನಿಲ್ಲುತ್ತದೆ. ಸಿ ಗೆರೆ ಬಂದರೆ ಮೂತ್ರ ಸರಿಯಾಗಿ ಹರಿದಿದೆ, ಕಿಟ್ ಕೆಟ್ಟಿಲ್ಲ ಎಂದರ್ಥ. ಅದೇ ಬಾರದಿದ್ದರೆ ಟಿ ಬಳಿ ಏನೇ ಕಂಡರೂ ಆ ಕಿಟ್ಟನ್ನು ಬಿಸಾಡಬೇಕು.

ಹಾಗಾಗಿ ಟಿ ಗೆರೆಯ ಗಾಢತೆ ಎಂದರೆ ಅಲ್ಲಿ ಎಷ್ಟು ಚಿನ್ನ ನಿಂತಿದೆ ಎಂಬುದು. ಮೊದಲ ವಾರಗಳಲ್ಲಿ ಎಚ್‌ಸಿಜಿ ಸರಿಸುಮಾರು ಎರಡು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಮುಟ್ಟು ತಪ್ಪಿದ ದಿನವೇ ಮಾಡಿದರೆ, ಅಥವಾ ತಂಬಿಗೆಗಟ್ಟಲೆ ನೀರು ಕುಡಿದು ಮಾಡಿದರೆ, ಗೆರೆ ಮಸುಕಾಗಿ ಬರುತ್ತದೆ. ಹೇಳಿದ ಸಮಯದೊಳಗೆ, ಸಾಮಾನ್ಯವಾಗಿ ಐದು ನಿಮಿಷದಲ್ಲಿ, ಕೆಂಪಿನ ಛಾಯೆಯಿರುವ ಗೆರೆ ಮಸುಕಾಗಿ ಮೂಡಿದರೂ ಅದು ಪಾಸಿಟಿವ್ವೇ. ಅರ್ಧ ಗಂಟೆಯ ನಂತರ ಕಸದ ಬುಟ್ಟಿಯಿಂದ ಎತ್ತಿ ನೋಡಿದಾಗ ಕಾಣುವ ಬೂದು ಗೆರೆಯ ಮಾತು ಬೇರೆ. ಪ್ರತಿಕಾಯ ಅಂಟಿಸಿದ ಜಾಗ ಒಣಗಿದಾಗ ಬಣ್ಣವಿಲ್ಲದ ಗುರುತಾಗಿ ಎದ್ದು ಕಾಣುತ್ತದೆ, ಅದಕ್ಕೆ ಅರ್ಥವಿಲ್ಲ. ಬಂಜೆತನದ ಚಿಕಿತ್ಸೆಯಲ್ಲಿ ಅಂಡ ಬಿಡಿಸಲು ಕೊಡುವ ಇಂಜೆಕ್ಷನ್ ಅನೇಕ ಸಲ ಎಚ್‌ಸಿಜಿಯೇ ಆಗಿರುತ್ತದೆ. ಅದು ಮೈಯಿಂದ ಪೂರ್ತಿ ಹೋಗಲು ಹತ್ತರಿಂದ ಹದಿನಾಲ್ಕು ದಿನವಾದರೂ ಬೇಕು. ಅಷ್ಟರೊಳಗೆ ಗೆರೆ ಬಂದರೆ ಅದು ಇಂಜೆಕ್ಷನ್ನಿನ ಗೆರೆ.

ಇಷ್ಟು ಚುರುಕಾದ ಪರೀಕ್ಷೆ ಕೈಗೆ ಬಂದಾಗ ಹೊಸದೊಂದು ವಿಷಯ ಬೆಳಕಿಗೆ ಬಂತು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಅಲೆನ್ ವಿಲ್ಕಾಕ್ಸ್ ಮತ್ತು ಜೊತೆಗಾರರು ಮಗು ಬೇಕೆಂದಿದ್ದ 221 ಹೆಂಗಸರ ಮೂತ್ರವನ್ನು ಪ್ರತಿ ಬೆಳಿಗ್ಗೆ ಸಂಗ್ರಹಿಸಿದರು. 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾರ್ಮೋನಿನ ಏರಿಕೆಯಿಂದ ಗುರುತಿಸಿದ 198 ಬಸಿರುಗಳಲ್ಲಿ ನೂರಕ್ಕೆ 22ರಷ್ಟು, ಬಸಿರಾಗಿದೆ ಎಂದು ಮಾಮೂಲಿಯಾಗಿ ಗೊತ್ತಾಗುವ ಮೊದಲೇ ಹೋಗಿಬಿಟ್ಟಿದ್ದವು. ಹಿಂದಿನವರು "ಈ ತಿಂಗಳು ನಾಲ್ಕು ದಿನ ತಡ ಆಯ್ತು" ಎಂದು ಮರೆತುಬಿಡುತ್ತಿದ್ದ ಎಷ್ಟೋ ಮುಟ್ಟುಗಳು ಇಂಥವು. ಇಂದು ಅದೇ ಹೆಂಗಸು ಎರಡು ದಿನ ಮೊದಲೇ ಕಿಟ್ ಮಾಡಿ, ಮಸುಕು ಗೆರೆ ನೋಡಿ, ತಾಯಿಗೆ ಫೋನ್ ಮಾಡಿ, ವಾರದೊಳಗೆ ಅಳುತ್ತಾಳೆ. ನನ್ನ ಮಟ್ಟಿಗೆ ಮುಟ್ಟಿನ ದಿನಕ್ಕೆ ಮುಂಚೆಯೇ ತಿಳಿಸುತ್ತೇವೆಂಬ ಜಾಹೀರಾತುಗಳು ಹೆಂಗಸರಿಗೆ ಉಪಕಾರಕ್ಕಿಂತ ಸಂಕಟವನ್ನೇ ಹೆಚ್ಚು ಮಾರಿವೆ. ಹೋದ ಬಸಿರು ಭಾರ ಎತ್ತಿದ್ದರಿಂದಲೋ ಪಪ್ಪಾಯಿ ತಿಂದದ್ದರಿಂದಲೋ ಹೋದದ್ದಲ್ಲ ಎಂಬುದನ್ನು ಆಕೆಗೆ ಯಾರೂ ಹೇಳುವುದಿಲ್ಲ. ಇಷ್ಟು ಬೇಗ ನಿಲ್ಲುವ ಬಸಿರುಗಳಿಗೆ ಬಹುಪಾಲು ಕಾರಣ ಭ್ರೂಣದ ಕ್ರೋಮೋಸೋಮುಗಳಲ್ಲಿರುವ ದೋಷ.

ವಿಲ್ಕಾಕ್ಸ್ ಅಲ್ಲಿಗೆ ಬಿಡಲಿಲ್ಲ. ಅದೇ ಸಂಗ್ರಹದಿಂದ ಮತ್ತೆ ಲೆಕ್ಕ ಹಾಕಿ 1999ರಲ್ಲಿ ಹೇಳಿದ್ದು: ಉಳಿದುಕೊಂಡ ಬಸಿರುಗಳಲ್ಲಿ ಭ್ರೂಣ ಅಂಟುವುದು ಅಂಡ ಬಿಡುಗಡೆಯಾದ ಆರರಿಂದ ಹನ್ನೆರಡು ದಿನಗಳಲ್ಲಿ, ಬಹುಪಾಲು ಎಂಟರಿಂದ ಹತ್ತನೇ ದಿನದಲ್ಲಿ. 2001ರಲ್ಲಿ ಇನ್ನೊಂದು ಹೆಜ್ಜೆ. ಮುಟ್ಟಾಗಬೇಕಿದ್ದ ಮೊದಲ ದಿನದಂದು ನೂರರಲ್ಲಿ ಹತ್ತು ಬಸಿರುಗಳು ಇನ್ನೂ ಗೋಡೆಗೆ ಅಂಟಿಯೇ ಇರುವುದಿಲ್ಲ. ಅಂಟದಿದ್ದರೆ ಎಚ್‌ಸಿಜಿ ಇಲ್ಲ. ಎಷ್ಟೇ ದುಬಾರಿ ಕಿಟ್ ಆದರೂ ಆ ದಿನ ನೂರಕ್ಕೆ 90ಕ್ಕಿಂತ ಹೆಚ್ಚು ಹಿಡಿಯುವಂತೆಯೇ ಇಲ್ಲ. ಒಂದು ವಾರ ಕಾದರೆ 97. ಪೊಟ್ಟಣದ ಮೇಲಿನ 99ರ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅಂಡ ಬಿಡುಗಡೆಯಾಗುವ ದಿನ ತಿಂಗಳಿಂದ ತಿಂಗಳಿಗೆ ಹಿಂದುಮುಂದಾಗುತ್ತದೆ, ಪಿಸಿಓಡಿ ಇರುವವರಲ್ಲಿ ಇನ್ನೂ ಹೆಚ್ಚು. ನೆಗೆಟಿವ್ ಬಂದು ಮುಟ್ಟೂ ಆಗದಿದ್ದರೆ ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ನೋಡಬೇಕೆನ್ನುವುದು ಇದಕ್ಕಾಗಿ.

ಮೈಯ ಸೂಚನೆಗಳಾದರೂ ನೆರವಾಗುತ್ತವೆಯೇ? ಅಷ್ಟಕ್ಕಷ್ಟೆ. ಎದೆ ನೋವು, ಸುಸ್ತು, ಹೊಟ್ಟೆ ಉಬ್ಬರ ಇವೆಲ್ಲ ಪ್ರೊಜೆಸ್ಟರಾನಿನ ಕೆಲಸ. ಆ ಹಾರ್ಮೋನು ಬಸಿರಿಲ್ಲದ ತಿಂಗಳಲ್ಲೂ ಮುಟ್ಟಿನ ಮುಂಚಿನ ಎರಡು ವಾರ ಏರಿಯೇ ಇರುತ್ತದೆ. ಆದ್ದರಿಂದ ಮುಟ್ಟಿಗೆ ನಾಲ್ಕು ದಿನ ಮುಂಚೆ ಕಾಣುವ ಎದೆ ಬಿಗಿತ ಬಸಿರಿನದೋ ಮುಟ್ಟಿನದೋ ಎಂದು ದೇಹ ಹೇಳುವುದಿಲ್ಲ. ಬೆಳಗಿನ ವಾಕರಿಕೆ, ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುವುದು ಶುರುವಾಗುವುದು ಬಹುತೇಕರಿಗೆ ಮುಟ್ಟು ತಪ್ಪಿ ಒಂದೆರಡು ವಾರವಾದ ಮೇಲೆ. ಕೆಲವರಿಗೆ ಬಯಕೆ ಬರುವುದೇ ಇಲ್ಲ, ಮಗು ಆರೋಗ್ಯವಾಗಿಯೇ ಹುಟ್ಟುತ್ತದೆ. ಮುಟ್ಟಿನ ಸಮಯಕ್ಕೆ ಸರಿಯಾಗಿ ಒಂದೆರಡು ಚುಕ್ಕೆ ರಕ್ತ ಕಂಡು ನಿಂತರೆ ಅದನ್ನು ಮುಟ್ಟೆಂದು ಲೆಕ್ಕ ಹಿಡಿದು ತಿಂಗಳು ತಪ್ಪುವವರೂ ಇದ್ದಾರೆ.

ಇನ್ನೊಂದು ವಿಚಿತ್ರ ಬೆಳಕಿಗೆ ಬಂದದ್ದು ಈಚೆಗೆ. ನಾಲ್ಕನೇ ವಾರದಲ್ಲಿ ಗಾಢವಾಗಿದ್ದ ಗೆರೆ ಹತ್ತನೇ ವಾರದಲ್ಲಿ ಮಸುಕಾಗಬಹುದು. ಎಚ್‌ಸಿಜಿ ಆಗ ಉತ್ತುಂಗದಲ್ಲಿದ್ದು ಮೂತ್ರದಲ್ಲಿ ಅದರ ಒಡೆದ ಚೂರುಗಳೇ ತುಂಬಿರುತ್ತವೆ. ಕೆಲವು ಕಿಟ್‌ಗಳಲ್ಲಿ ಒಂದು ಪ್ರತಿಕಾಯ ಈ ಚೂರುಗಳನ್ನು ಹಿಡಿಯುತ್ತದೆ, ಇನ್ನೊಂದು ಹಿಡಿಯುವುದಿಲ್ಲ. ಚಿನ್ನ ಗೆರೆಯಲ್ಲಿ ನಿಲ್ಲದೆ ಹರಿದುಹೋಗುತ್ತದೆ. ಸೇಂಟ್ ಲೂಯಿಸ್‌ನ ಆನ್ ಗ್ರೊನೋವ್‌ಸ್ಕಿ ಮತ್ತು ಸಂಗಡಿಗರು ಆಸ್ಪತ್ರೆಗಳಲ್ಲಿ ಬಳಸುವ ಕಿಟ್‌ಗಳಲ್ಲೇ ಇದನ್ನು ತೋರಿಸಿದರು. ಹಾಗಾಗಿ ಬಸಿರು ಖಚಿತವಾದ ಮೇಲೆ ವಾರವಾರವೂ ಕಿಟ್ ಮಾಡಿ ಗೆರೆಯ ಬಣ್ಣ ಹೋಲಿಸುತ್ತಾ ಕೂರುವುದು ವೃಥಾ ಚಿಂತೆ.

ರಕ್ತಪರೀಕ್ಷೆಯೂ ಮೋಸ ಹೋದದ್ದುಂಟು. ಕೆಲವರ ರಕ್ತದಲ್ಲಿ ಪ್ರಾಣಿಮೂಲದ ಪ್ರತಿಕಾಯಗಳಿಗೇ ಅಂಟಿಕೊಳ್ಳುವ ಪ್ರತಿಕಾಯಗಳಿರುತ್ತವೆ, ಯಂತ್ರ ಅದನ್ನು ಎಚ್‌ಸಿಜಿ ಎಂದು ಓದುತ್ತದೆ. ಲಾರೆನ್ಸ್ ಕೋಲ್ ಮತ್ತು ಜೊತೆಗಾರ 2000ದಲ್ಲಿ ಇಂಥ 12 ಹೆಂಗಸರ ಕತೆ ಪ್ರಕಟಿಸಿದರು. ಇಲ್ಲದ ಕ್ಯಾನ್ಸರಿಗೆ ಅವರಲ್ಲಿ ಬಹುತೇಕರಿಗೆ ಕೀಮೋಥೆರಪಿ ಇಲ್ಲವೆ ಶಸ್ತ್ರಚಿಕಿತ್ಸೆ ನಡೆದಿತ್ತು. ಆ ದೊಡ್ಡ ಪ್ರತಿಕಾಯಗಳು ಮೂತ್ರಕ್ಕೆ ಇಳಿಯುವುದಿಲ್ಲವಾದ್ದರಿಂದ, ನಿಜ ತಿಳಿಯಲು ಮೂತ್ರವನ್ನು ಪರೀಕ್ಷಿಸಿದ್ದರೂ ಸಾಕಿತ್ತು. ಲಿ ನಂಬಿದ ಅಂಕಿ ಸರಿಯಿತ್ತು, ಇವರ ವೈದ್ಯರು ನಂಬಿದ ಅಂಕಿ ಸುಳ್ಳು.

ಯಾವ ಕಿಟ್ಟೂ ಹೇಳಲಾರದ್ದು ಬಸಿರು ಎಲ್ಲಿ ನಿಂತಿದೆ ಎಂಬುದು. ಭ್ರೂಣ ಗರ್ಭಕೋಶದ ಬದಲು ಅಂಡನಾಳದಲ್ಲಿ ಅಂಟಿಕೊಂಡರೂ ಎಚ್‌ಸಿಜಿ ಬರುತ್ತದೆ, ಗೆರೆಯೂ ಬರುತ್ತದೆ, ಹಲವು ಸಲ ಮಸುಕಾಗಿ. ಆಗ ವೈದ್ಯರು ಬೀಟಾ ಎಚ್‌ಸಿಜಿ ರಕ್ತಪರೀಕ್ಷೆಯನ್ನು 48 ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಿಸುತ್ತಾರೆ. ಅಂಕಿ ಚೆನ್ನಾಗಿ ಏರುತ್ತಿದೆಯೋ, ತೆವಳುತ್ತಿದೆಯೋ, ಇಳಿಯುತ್ತಿದೆಯೋ ನೋಡಿ, ಸ್ಕ್ಯಾನಿಂಗಿನೊಂದಿಗೆ ತಾಳೆ ಹಾಕುತ್ತಾರೆ. ಗೆರೆ ಬಂದ ಮೇಲೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಜೋರು ನೋವು, ರಕ್ತಸ್ರಾವ, ತಲೆಸುತ್ತು, ಭುಜದ ತುದಿಯಲ್ಲಿ ನೋವು ಇವುಗಳಲ್ಲಿ ಯಾವುದೇ ಕಂಡರೂ ಇನ್ನೊಂದು ಕಿಟ್ ತರಿಸುವ ಹೊತ್ತಲ್ಲ ಅದು. ಅಂಡನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ತುಂಬುತ್ತದೆ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಒಡೆಯುವ ಮುಂಚೆ ಸಿಕ್ಕಿದರೆ ಎಷ್ಟೋ ಮಂದಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುವುದಿಲ್ಲ. ಲಿ ಮತ್ತು ಹರ್ಟ್ಜ್ ಕೊಟ್ಟ ಮೆಥೊಟ್ರೆಕ್ಸೇಟನ್ನೇ ಚುಚ್ಚಿ, ಎಚ್‌ಸಿಜಿ ಪೂರ್ತಿ ಇಳಿಯುವವರೆಗೂ ವಾರಕ್ಕೊಮ್ಮೆ ರಕ್ತ ನೋಡುತ್ತಾರೆ.